ನಮ್ಮ ಸರ್ಟಿಫಿಕೇಟು ಕಾಯುವ ಬೀರುವಿಗೆ

ಚಳ್ಳಕೆರೆ, ೨೦೦೩

ಮಾನ್ಯ ಕಬ್ಬಿಣದ ಬೀರುವಿನವರೇ,

ಈ ನರ್ಸಿಂಗ್ ಹೋಮಿನ ಹೆರಿಗೆ ವಾರ್ಡಿನಲ್ಲಿ ಆರು ವರ್ಷಗಳಿಂದ ದುಡಿಯುತ್ತಿರುವ ನರ್ಸ್ ದಾಕ್ಷಾಯಿಣಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಬಣ್ಣ ಮಾಸದಿರಲಿ, ತಮ್ಮ ಬೀಗಕ್ಕೆ ತುಕ್ಕು ಹಿಡಿಯದಿರಲಿ.

ಕೆಲಸಕ್ಕೆ ಸೇರಿದ ದಿನವೇ ನಮ್ಮ ಮೂಲ ಸರ್ಟಿಫಿಕೇಟುಗಳು ತಮ್ಮ ಹೊಟ್ಟೆ ಸೇರಿದವು. ಕೀಲಿ ಮಾಲೀಕರಾದ ಡಾಕ್ಟರ್ ಮುರುಗೇಂದ್ರಪ್ಪನವರ ಜೇಬು ಸೇರಿತು. ನಮ್ಮ ನರ್ಸುಗಳು ಬಿಟ್ಟುಹೋಗುವುದೇ ಇಲ್ಲ, ಅಷ್ಟು ನಿಷ್ಠೆ ಎಂದು ಅವರು ಸಭೆ ಸಮಾರಂಭಗಳಲ್ಲಿ ಎದೆಯುಬ್ಬಿಸಿ ಹೇಳುತ್ತಾರೆ. ಕಟ್ಟಿಹಾಕಿದ ಎಮ್ಮೆಯೂ ಮನೆ ಬಿಟ್ಟು ಹೋಗುವುದಿಲ್ಲ ಸ್ವಾಮಿ. ಅದನ್ನು ಯಾರೂ ನಿಷ್ಠೆ ಎನ್ನುವುದಿಲ್ಲ, ಗೂಟ ಎನ್ನುತ್ತಾರೆ.

ನಾನು ಇಷ್ಟು ವರ್ಷ ಇದ್ದದ್ದು ತಮ್ಮಿಂದಲ್ಲ ಎಂದರೆ ತಮಗೆ ಬೇಸರವಾದೀತು. ದೇವಸಮುದ್ರದ ಪಾತಮ್ಮ ಮೂರನೆಯ ಹೆರಿಗೆಗೂ ಬಸ್ಸು ಹತ್ತಿ ಬಂದು, “ದಾಕ್ಷಾಯಿಣಕ್ಕ ಇದ್ರೇನೇ ಒಳಗೆ ಬರ್ತೀನಿ” ಎಂದು ಬಾಗಿಲಲ್ಲೇ ಕೂತಳಲ್ಲ, ಅಂಥವರಿಂದ ಇದ್ದೆ. ನನಗೆ ಜ್ವರ ಬಂದಾಗ ಅಂಬಲಿ ಕಾಸಿ ತಂದು ಕುಡಿಸಿದ ಆಯಾ ಮುದ್ದಕ್ಕನಿಂದ ಇದ್ದೆ.

ಆದರೂ ನಿಷ್ಠೆಯಲ್ಲಿ ತಮ್ಮನ್ನು ಮೀರಿಸಲಾರೆವು. ತಾವು ಒಂದು ದಿನ ರಜೆ ಕೇಳಿಲ್ಲ, ಕೂರಲು ಕುರ್ಚಿ ಕೇಳಿಲ್ಲ. ಆದ್ದರಿಂದ ಇನ್ನು ಮುಂದೆ ದಯಮಾಡಿ ವಾರ್ಡಿಗೂ ತಾವೇ ಬರಬೇಕು. ಡ್ರಿಪ್ ಬದಲಿಸಬೇಕು, ನೋವು ತಿನ್ನುವ ಹೆಂಗಸರ ಕೈ ಹಿಡಿದುಕೊಳ್ಳಬೇಕು, ಹುಟ್ಟಿದ ಕೂಸು ಅಳದಿದ್ದರೆ ಅಂಗಾಲು ತಟ್ಟಿ ಅಳಿಸಬೇಕು.

ಸೋಮವಾರ ಚಿತ್ರದುರ್ಗದಲ್ಲಿ ನನಗೆ ಆರೋಗ್ಯ ಇಲಾಖೆಯ ಸರ್ಕಾರಿ ನೌಕರಿಯ ಸಂದರ್ಶನವಿದೆ; ಮೂಲ ಸರ್ಟಿಫಿಕೇಟು ತೋರಿಸಲೇಬೇಕು. ಒಂದು ದಿನದ ಮಟ್ಟಿಗೆ ಕೊಡಿ ಎಂದು ಬೇಡಿಕೊಂಡರೆ ಡಾಕ್ಟರು, “ಇಲ್ಲಿ ನಿಂಗೇನ್ ಕಮ್ಮಿ ಐತೆ ತಾಯಿ, ಕಾಗದ ಭದ್ರವಾಗೈತೆ, ಹೋಗು” ಎಂದು ನಕ್ಕರು. ಹೀಗೆಯೇ ಬೇಡಿ ಬೇಸತ್ತು ಬರಿಗೈಲಿ ಹೋದ ನರ್ಸ್ ಮಂಗಳಗೌರಿಯಕ್ಕ, ಕಾಗದವಿಲ್ಲದೆ ಯಾವ ಆಸ್ಪತ್ರೆಯಲ್ಲೂ ಕೆಲಸ ಸಿಗದೆ, ಈಗ ಮೊಳಕಾಲ್ಮೂರಿನ ಗಂಡನ ಮನೆಯಲ್ಲಿ ಮಗ್ಗದ ಮುಂದೆ ಕೂತಿದ್ದಾಳೆ. ನೂರಾರು ಕೂಸುಗಳನ್ನು ಹಿಡಿದ ಕೈ ಅದು. ತಾವು ಭಾನುವಾರದೊಳಗೆ ತಾವಾಗಿಯೇ ಬಾಯಿ ತೆರೆಯಬೇಕೆಂದು ಪ್ರಾರ್ಥಿಸುತ್ತೇನೆ.

ಬೀಗವಿಲ್ಲದಿದ್ದರೂ ಇಲ್ಲೇ ಇರುತ್ತಿದ್ದ,
ತಮ್ಮ ವಿಶ್ವಾಸಿ,
ದಾಕ್ಷಾಯಿಣಿ

ತಾ.ಕ.: ತಾವು ಬಾಯಿ ತೆರೆಯದಿದ್ದರೂ ಸೋಮವಾರ ಹೋಗುತ್ತೇನೆ. ಸರ್ಟಿಫಿಕೇಟು ಎಲ್ಲಿ ಎಂದು ಕೇಳಿದರೆ ತಮ್ಮ ವಿಳಾಸ ಕೊಡುತ್ತೇನೆ. ಮಂಗಳಗೌರಿಯಕ್ಕನೂ ಜೊತೆಗೆ ಬರುತ್ತಾಳೆ. ಬಿಟ್ಟುಹೋಗಿ ನಾಲ್ಕು ವರ್ಷವಾದರೂ, ನರ್ಸಿಂಗ್ ಹೋಮಿನ ಪರಿಶೀಲನೆಗೆ ಬಂದ ಇಲಾಖೆಯವರಿಗೆ ಪ್ರತಿ ಸಲ ಅವಳ ಸರ್ಟಿಫಿಕೇಟು ತೋರಿಸಿ ಡ್ಯೂಟಿಯಲ್ಲಿದ್ದಾಳೆ ಎಂದು ಡಾಕ್ಟರು ಬರೆಸುತ್ತಿದ್ದಾರೆ. ಅವಳ ಮುಖವನ್ನೂ ಇಲಾಖೆಯವರು ಒಮ್ಮೆ ನೋಡಲಿ.