ಜಿಂಕೆಯ ಹಿಂಗಾಲು

ನನ್ನ ದೊಡ್ಡಮ್ಮನಿಗೆ ಬಂಧುಬಳಗದಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿ ಒಂದು ಜಿಂಕೆಯ ಮೇಲೆ. ಅದು ಕಲ್ಲಿನದು ಎಂಬುದು ಬೇರೆ ಮಾತು. ನನಗೆ ಜ್ವರ ಬಂದಾಗ ‘ಗಂಜಿ ಕುಡಿದು ಮಲಗು’ ಎಂದು ಫೋನಿಟ್ಟವರು, ಜಿಂಕೆಯ ಮೇಲೆ ಮಳೆ ಬಿದ್ದರೆ ದಿನಕ್ಕೆ ಮೂರು ಸಲ ವಿಚಾರಿಸುತ್ತಾರೆ!

ಕಾರ್ಕಳದ ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಕೆಂಪು ಮುರಕಲ್ಲಿನ ಹಾಸುಬಂಡೆಯೊಂದಿದೆ. ಅದರ ಮೇಲೆ ಯಾವ ಕಾಲದವರೋ ಕೊರೆದ ಜಿಂಕೆ. ಕಟಪಾಡಿಯಲ್ಲಿ ಮೀನು ಮಾರಿ ಮಾರಿ ವಯಸ್ಸಾದ ದೊಡ್ಡಮ್ಮ ಈಗ ಕಾಪುವಿನಲ್ಲಿ ಮಗಳ ಜೊತೆ ಇದ್ದಾರೆ. ಹೋದ ವರ್ಷ ನಮ್ಮಲ್ಲಿಗೆ ಬಂದಾಗ ನಾನೇ ಕರೆದೊಯ್ದು ತೋರಿಸಿದೆ. ತಪ್ಪು ನನ್ನದೇ. ಬಂಗುಡೆ ಮೀನಿನ ಕಿವಿರು ಪರೀಕ್ಷಿಸುವವರಂತೆ ಬಗ್ಗಿ ನೋಡಿದರು.

“ಮೇಲಿನ ನೀರೆಲ್ಲ ಇದರ ಮೇಲೆಯೇ ಹರಿಯುತ್ತದಲ್ಲ. ಹಿಂದಿನ ಕಾಲು ಅರ್ಧ ಹೋಗಿ ಆಯಿತು. ನೀನು ಇಲ್ಲಿದ್ದು ಎಂತ ಮಾಡುವುದು?”

ಅಂದಿನಿಂದ ಕಾಪುವಿನಲ್ಲಿ ಮೋಡ ಕಂಡರೆ ಸಾಕು, ಮಣಿಪಾಲದ ಆಫೀಸಿನಲ್ಲಿ ನನ್ನ ಫೋನು ಬಡಿದುಕೊಳ್ಳುತ್ತದೆ.

“ಕಾಲು ಹೇಗುಂಟು?”

“ಹಾಗೆಯೇ ಉಂಟು ದೊಡ್ಡಮ್ಮ. ಆದರೆ ಈ ಮಳೆಗಾಲ ದಾಟುವುದು ಕಷ್ಟ.”

ಪಕ್ಕದ ಮೇಜಿನವರು ಕನ್ನಡಕ ತೆಗೆದು, “ಶುಗರಾ?” ಎಂದು ಕೇಳಿದರು.

“ಅಲ್ಲ, ಸವೆತ,” ಎಂದೆ.

ಮರುದಿನ ಅವರು ಮಂಡಿನೋವಿನ ಎಣ್ಣೆ ತಂದುಕೊಟ್ಟರು.

ನಗುತ್ತಿದ್ದ ನನಗೂ ಕ್ರಮೇಣ ಭಯ ಅಂಟಿಕೊಂಡಿತು. ಮಳೆ ನಿಂತೊಡನೆ ಗುಡ್ಡ ಹತ್ತುವುದು, ಜಿಂಕೆಯ ಕಾಲಿನ ಬಳಿ ಉದುರಿದ ಕೆಂಪು ಹರಳು ಹೆಕ್ಕಿ ಎಣಿಸುವುದು.

ಈ ವರ್ಷ ಮಳೆಗಾಲಕ್ಕೆ ಮುಂಚೆ ದೊಡ್ಡಮ್ಮ ಬಸ್ಸಿನಿಂದ ಇಳಿದರು. ಕೈಚೀಲದಲ್ಲಿ ಸಿಮೆಂಟು.

“ಕಾಲು ಮೆತ್ತಿ ಬಿಡುವ,” ಎಂದರು.

ಪೊಲೀಸರು ಹಿಡಿದರೆ? ಇವರು ಜಾರಿ ಬಿದ್ದರೆ? ಎಲ್ಲಕ್ಕಿಂತ, ಜಿಂಕೆಗೆ ಆನೆಕಾಲು ಬಂದರೆ? ಚೀಲ ಅಡಗಿಸಿಟ್ಟು ಪುರಾತತ್ವ ಇಲಾಖೆಗೆ ಫೋನ್ ಮಾಡಿದೆ. ಅವರು ಬರುವ ತನಕ ಎರಡು ದಿನ ದೊಡ್ಡಮ್ಮ ನನ್ನೊಡನೆ ಮಾತಾಡಲಿಲ್ಲ.

ಬಂದ ಅಧಿಕಾರಿ ಮೇಡಂ ಮೆಲ್ಲಗೆ ಹೇಳಿದರು: “ಸಿಮೆಂಟು ಹಾಕಿದ್ದರೆ ಅದರೊಟ್ಟಿಗೆ ಕಲ್ಲೂ ಕಿತ್ತು ಬರುತ್ತಿತ್ತು, ಅಮ್ಮ.”

ದೊಡ್ಡಮ್ಮನ ಮುಖ ಬಿಳಿಚಿತು. “ಹಾಗಾದರೆ ನಾನೇ ಅದನ್ನು ಕೊಲ್ಲುತ್ತಿದ್ದೆನಾ?” ಗುಡ್ಡದ ಮೇಲ್ಗಡೆಗೆ ಕೈ ತೋರಿಸಿ, “ನೀರನ್ನು ಮೇಲೆಯೇ ತಿರುಗಿಸಿದರೆ ಆಗುವುದಿಲ್ವಾ?” ಎಂದು ಕೇಳಿದರು.

ಮೇಡಂ ಒಪ್ಪಿದರು. ವಾರದೊಳಗೆ ಇಲಾಖೆಯ ಕೆಲಸಗಾರರು ಬಂದು, ಬಂಡೆಗೆ ಪೆಟ್ಟಾಗದಂತೆ ಮೇಲ್ಗಡೆ ಮಣ್ಣಿನ ಚೀಲಗಳ ಒಡ್ಡು ಕಟ್ಟಿದರು. ದೊಡ್ಡಮ್ಮನ ಕಾಟ ತಾಳಲಾರದೆ ಒಂದೊಂದು ಚೀಲವನ್ನೂ ಎರಡೆರಡು ಸಲ ಇಟ್ಟರು.

ಮೊದಲ ದೊಡ್ಡ ಮಳೆಗೆ ನಾವಿಬ್ಬರೂ ಬಂಡೆಯ ಬಳಿ ಒಂದೇ ಕೊಡೆಯಡಿ ನಿಂತೆವು. ಕೆಂಪು ನೀರು ರಭಸದಿಂದ ಇಳಿದು ಬಂತು. ಒಡ್ಡಿಗೆ ತಾಗಿದ ನೀರು ಏರಿತು, ಇನ್ನೂ ಏರಿತು, ಆಮೇಲೆ ಪಕ್ಕಕ್ಕೆ ಹೊರಳಿತು. ಗೆದ್ದೆವೆಂದು ತಿರುಗಿದರೆ ದೊಡ್ಡಮ್ಮ ಅಳುತ್ತಿದ್ದರು.

“ನಿನ್ನ ದೊಡ್ಡಪ್ಪನದು ಒಂದೇ ಫೋಟೋ ಇದ್ದದ್ದು. ಕಡಲು ಮನೆಯೊಳಗೆ ಬಂದ ವರ್ಷ ಅದೂ ಹೋಯಿತು. ಈಗೀಗ ಅವರ ಮುಖ ಸರಿಯಾಗಿ ನೆನಪಿಗೆ ಬರುವುದಿಲ್ಲ ಮಾರಾಯ್ತಿ. ಇದನ್ನು ಯಾರಲ್ಲಿ ಹೇಳುವುದು?”

ದೊಡ್ಡಪ್ಪ ತೀರಿಕೊಂಡಾಗ ನನಗೆ ಹತ್ತು ವರ್ಷ; ಅವರ ಮಗಳು ಕೈಗೂಸು.

“ಎಡ ಹುಬ್ಬಿನ ಮೇಲೆ ಒಂದು ಗಾಯದ ಗುರುತಿತ್ತು,” ಎಂದೆ. “ನಗುವಾಗ ಮೊದಲು ಒಂದು ಕಣ್ಣು ಮುಚ್ಚುತ್ತಿತ್ತು.”

ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಹೌದು. ಹೌದು. ಮತ್ತೆ ಎಂತ ನೆನಪುಂಟು? ಹೇಳು.”

ಮಳೆ ಬಿಡುವ ತನಕ ಹೇಳುತ್ತಲೇ ಇದ್ದೆ.