ಜಲಜಾಕ್ಷಿಗೆ ಮುಂಬಯಿ ತೋರಿಸಿದ್ದು

ಕಡಬದ ಧರ್ಮಪಾಲನಿಗೆ ಪರವೂರು ನೋಡುವ ಹುಚ್ಚು. ಆದರೆ ಲಾಡ್ಜಿಗೆ ದುಡ್ಡು ಕೊಡುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಈ ನಲವತ್ತೆರಡರ ಬ್ರಹ್ಮಚಾರಿ ವರ್ಷಕ್ಕೊಂದು ಊರು ನೋಡುತ್ತಿದ್ದ. ಉಳಿದುಕೊಳ್ಳುವುದು ಮಾತ್ರ ನೆಂಟರ ಮನೆಯಲ್ಲಿ. ಮೈಸೂರಿಗೆ ಚಿಕ್ಕಮ್ಮನ ಮಗಳು, ಹುಬ್ಬಳ್ಳಿಗೆ ಭಾವನ ತಮ್ಮ, ಬೆಂಗಳೂರಿಗೆ ಯಾರದೋ ಷಡ್ಡಕ. ಮುಂಬಯಿಯೊಂದು ಬಾಕಿ ಇತ್ತು. ಅಲ್ಲಿ ಅವನಿಗೆ ನೆಂಟರೆಂದು ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ.

ಹಾಗಿರುವಾಗ ಒಂದು ಭಾನುವಾರ ಪೇಪರಿನಲ್ಲಿ ಈ ಜಾಹೀರಾತು ಕಂಡಿತು. ‘ಮೂವತ್ತು ವರ್ಷದ ಹಿಂದೆ ತೀರಿಹೋದ ನಮ್ಮ ಮಗಳು ಜಲಜಾಕ್ಷಿಗೆ, ಗೌಡ ಸಮುದಾಯದ, ತೀರಿಹೋದ ಅವಿವಾಹಿತ ವರ ಬೇಕಾಗಿದ್ದಾನೆ. ಮಾತುಕತೆಗೆ ಬರುವವರಿಗೆ ಮುಂಬಯಿಯ ನಮ್ಮ ಮನೆಯಲ್ಲೇ ಊಟ, ವಸತಿ.’

ಬೇರೆ ಊರಿನವರು ಓದಿದರೆ ಬೆಚ್ಚಿ ಬಿದ್ದಾರು. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಇದೇನು ಹೊಸತಲ್ಲ. ಮದುವೆಯಾಗದೆ ಸತ್ತವರು ಸುಮ್ಮನಿರುವುದಿಲ್ಲ, ಬದುಕಿರುವವರ ಮದುವೆಗೆ ಅಡ್ಡ ಕೂರುತ್ತಾರೆ ಎಂಬ ನಂಬಿಕೆ. ಅದಕ್ಕೆ ಸತ್ತ ಹುಡುಗಿಗೆ ಸತ್ತ ಹುಡುಗನನ್ನೇ ಹುಡುಕಿ, ಜಾತಕ ಕೂಡಿಸಿ, ವೀಳ್ಯ ಬದಲಾಯಿಸಿ, ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಪ್ರೇತ ಮದುವೆ ಮಾಡಿ ಮುಗಿಸುತ್ತಾರೆ. ಇಂಥ ಮದುವೆಯಲ್ಲಿ ಗಂಡಿಗೆ ಕೆಲಸವೇನು, ಸಂಬಳವೆಷ್ಟು ಎಂದು ಯಾರೂ ಕೇಳುವುದಿಲ್ಲ, ಅದೊಂದು ಸುಖ.

ಊಟ, ವಸತಿ ಎಂದು ಓದಿದ್ದೇ ತಡ, ಒಬ್ಬನೇ ಮಗನಾದ ಧರ್ಮಪಾಲನಿಗೆ ನಿಂತ ಮೆಟ್ಟಿನಲ್ಲೇ ಒಬ್ಬ ಅಣ್ಣ ಹುಟ್ಟಿಕೊಂಡ. ಹುಟ್ಟಿದವನು ಸತ್ತೂ ಹೋದ. “ಪದ್ಮಯ್ಯ ಅಂತ ಹೆಸ್ರು. ಹೊಳೆಗೆ ಬಿದ್ದು ಹೋದದ್ದು, ಪಾಪ,” ಎಂದು ಫೋನಿನಲ್ಲಿ ಹೇಳಿ ಒಂದು ನಿಟ್ಟುಸಿರನ್ನೂ ಬಿಟ್ಟ. ಜಾತಕ ತನ್ನಿ ಎಂದರು. ಇಲ್ಲದ ಅಣ್ಣನ ಜಾತಕ ಎಲ್ಲಿಂದ ತರುವುದು? ತನ್ನದನ್ನೇ ತೆಗೆದು ಹೆಸರನ್ನಷ್ಟು ಕೆರೆದು ಬದಲಾಯಿಸಿದ. ಒಂದು ದಿನ ಪುಕ್ಕಟೆ ಊರು ನೋಡುವುದು, ಆಮೇಲೆ ಯಾಕೋ ಕೂಡಿ ಬರಲಿಲ್ಲ ಎಂದು ಕೈ ತೊಳೆದುಕೊಳ್ಳುವುದು, ಅಷ್ಟೇ ಅವನ ಲೆಕ್ಕಾಚಾರ.

ಜನರಲ್ ಬೋಗಿಯಲ್ಲಿ ನುಜ್ಜುಗುಜ್ಜಾಗಿ ಬಂದು, ಬೆಳಗ್ಗೆ ವಿಳಾಸ ಕೇಳುತ್ತ ಕೇಳುತ್ತ ಹೋದರೆ ಅದೊಂದು ಹಳೆಯ ಚಾಳು, ಸಾಲು ಕೋಣೆಗಳ ಬಾಡಿಗೆ ಕಟ್ಟಡ. ಹಗಲಲ್ಲೂ ಕತ್ತಲೆ ಕಟ್ಟಿದ ಮರದ ಮೆಟ್ಟಿಲು. ಅವನು ಒಂದು ಹೆಜ್ಜೆ ಇಟ್ಟರೆ ಹಿಂದೆ ಇನ್ನೊಂದು ಕಿರ್ ಎನ್ನುತ್ತಿತ್ತು. ಹಳೆ ಮರ, ತಡವಾಗಿ ಎದ್ದು ಬರುತ್ತದೆ ಎಂದುಕೊಂಡ. ಮೂರನೆಯ ಮಾಳಿಗೆಯ ಬಾಗಿಲಲ್ಲಿ ಮೀನು ಕೊಯ್ಯುತ್ತ ಕೂತಿದ್ದ ಹೆಂಗಸು ತಲೆ ಎತ್ತಿದಳು. ಪುತ್ತೂರಿನ ಹತ್ತಿರದ ಕಬಕದಿಂದ ಬಂದು ಇಲ್ಲೇ ನೆಲೆಯಾದ ಕದೀಜಮ್ಮ. ಈ ಮಾಳಿಗೆಯಲ್ಲಿ ಯಾರ ಮನೆಗೆ ಯಾರು ಬಂದರೂ ಅವಳ ವಿಚಾರಣೆ ಮುಗಿಸಿಯೇ ಒಳಗೆ ಹೋಗಬೇಕು.

“ಊರಿಂದವಾ? ದುಗ್ಗಮ್ಮಕ್ಕನಲ್ಲಿಗಾ? ಬನ್ನಿ ಬನ್ನಿ, ಮೆಲ್ಲ ಬನ್ನಿ, ಅಲ್ಲಿ ನೀರುಂಟು,” ಎಂದು ಅವಳು ಅವನ ಭುಜದಾಚೆ ನೋಡಿ ನಕ್ಕಳು.

ದುಗ್ಗಮ್ಮ ಅರುವತ್ತೈದು ದಾಟಿದ ಚುರುಕು ಹೆಂಗಸು. ಗಂಡ ಶ್ರೀಕೃಷ್ಣ ಗೌಡರು ಹೋಟೆಲಿನ ಅಡುಗೆಮನೆಯಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದವರು. ಇಬ್ಬರೂ ಸಂಪಾಜೆ ಕಡೆಯವರು. ಒಂದೇ ಕೋಣೆಯ ಮನೆ. ಗೋಡೆಯಲ್ಲಿ ಹಾರ ಹಾಕಿದ ಒಂದು ಫ್ರೇಮು, ಅದರೊಳಗೆ ಫೋಟೋವೇ ಇಲ್ಲ, ಬರೀ ಬಿಳಿ ಕಾಗದ.

“ಮಳೆನೀರು ಒಳಗೆ ಹೋಗಿ ಮುಖ ಅಳಿದು ಹೋಯ್ತು,” ಎಂದಳು ದುಗ್ಗಮ್ಮ. ಧರ್ಮಪಾಲ ಕುರ್ಚಿಯಲ್ಲಿ ಕೂರಹೋದ. “ಅಯ್ಯೋ, ಅದ್ರಲ್ಲಿ ಬೇಡ! ಅದು ಅವಳದ್ದು.”

ಅವನು ಬಿಸಿ ತಾಗಿದವನ ಹಾಗೆ ಎದ್ದು ನೆಲದಲ್ಲಿ ಕೂತ. ದುಗ್ಗಮ್ಮ ಅವನ ಕೈಯಿಂದ ಜಾತಕ ತೆಗೆದುಕೊಂಡು ಆ ಫ್ರೇಮಿನ ಹಿಂದೆ ಸಿಕ್ಕಿಸಿ ಕೈಮುಗಿದಳು. “ನೀವು ಮೊದಲೇ ಫೋನಲ್ಲಿ ಕಳ್ಸಿದ ಜಾತಕದ ಫೋಟೋ ನಮ್ಮ ಭಟ್ರಿಗೆ ತೋರಿಸಿ ಆಗಿದೆ. ಇಷ್ಟು ಚೆಂದ ಕೂಡಿ ಬಂದದ್ದು ನೋಡ್ಲೇ ಇಲ್ಲ ಅಂದ್ರು. ಸಂಜೆ ಆರಕ್ಕೆ ಮುಹೂರ್ತ ಉಂಟು. ವೀಳ್ಯ ಹಿಡಿದು ಮಾತು ಗಟ್ಟಿ ಮಾಡಿಬಿಡುವ.”

ಇದು ಧರ್ಮಪಾಲನ ಲೆಕ್ಕದಲ್ಲೇ ಇರಲಿಲ್ಲ. ವೀಳ್ಯವೆಂದರೆ ಆಟವಲ್ಲ. ಒಮ್ಮೆ ಕೈಗೆ ಬಂದರೆ ಮಾತು ಕೊಟ್ಟ ಹಾಗೆ, ಅದೂ ಸತ್ತವಳಿಗೆ. ಪದ್ಮಯ್ಯ ಎಂಬವನು ಇಲ್ಲ ಎನ್ನುವುದು ಬದುಕಿರುವವರಿಗೆ ಗೊತ್ತಾಗಲಿಕ್ಕಿಲ್ಲ. ಸತ್ತವಳಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ಜಾತಕ ಯಾರದೋ ಅವನನ್ನೇ ಹುಡುಕಿಕೊಂಡು ಬರುತ್ತಾಳೆ. ಆರು ಗಂಟೆಯೊಳಗೆ ಇಲ್ಲಿಂದ ಕಂಬಿ ಕೀಳಬೇಕು. ಆದರೆ ಜಾತಕವನ್ನು ಆ ಬಿಳಿ ಕಾಗದದ ಹಿಂದೆ ಬಿಟ್ಟು ಓಡಿದರೆ ತನ್ನನ್ನೇ ಇಲ್ಲಿ ಬಿಟ್ಟು ಓಡಿದ ಹಾಗೆ. ಊರು ಸುತ್ತಿ ಬಂದು, ಹೇಗಾದರೂ ಅದನ್ನು ಎಗರಿಸಬೇಕು ಎಂದುಕೊಂಡ.

“ನಾನೊಮ್ಮೆ ಪೇಟೆ ನೋಡಿ ಬರ್ತೇನೆ ಅತ್ತೆ,” ಎಂದ.

“ಓಹೋ, ಧಾರಾಳ! ಇವರೂ ಬರ್ತಾರೆ. ಅವಳನ್ನೂ ಕರ್ಕೊಂಡು ಹೋಗಿ.”

“ಯಾರನ್ನು?”

ದುಗ್ಗಮ್ಮ ಖಾಲಿ ಕುರ್ಚಿಯ ಕಡೆ ತಿರುಗಿ ದನಿ ಮೃದು ಮಾಡಿದಳು. “ಜಲಜಾ, ಹೊರಡು ಮಗಾ. ನಿನ್ನ ಮೈದುನ ಊರು ತೋರಿಸ್ತಾರಂತೆ.”

ಹೀಗೆ ಧರ್ಮಪಾಲನ ಮುಂಬಯಿ ದರ್ಶನ ಶುರುವಾಯಿತು. ಮೊದಲ ಸಿಡಿಲು ವಡಾಪಾವಿನ ಗಾಡಿಯ ಮುಂದೆ ಬಡಿಯಿತು. “ಮೂರು ಹೇಳಿ,” ಎಂದರು ಶ್ರೀಕೃಷ್ಣ ಗೌಡರು. “ಹೆಣ್ಣುಮಗಳನ್ನು ಉಪವಾಸ ನಿಲ್ಲಿಸುದಾ ಮಾರಾಯ್ರೆ?” ಅವಳ ಪಾಲನ್ನು ಕಟ್ಟೆಯ ಮೇಲಿಟ್ಟು, ಒಂದು ನಿಮಿಷ ಕಣ್ಣುಮುಚ್ಚಿ ಕೈಮುಗಿದು, ಆಮೇಲೆ ತಾವೇ ಬಾಯಿಗೆ ಹಾಕಿಕೊಂಡರು. “ಎಡೆ ಇಟ್ಟದ್ದು ಬಿಸಾಡ್ಬಾರ್ದು,” ಎಂದು ಬೆರಳು ನೆಕ್ಕಿದರು. ಕಬ್ಬಿನ ಹಾಲಿನ ಅಂಗಡಿಯಲ್ಲೂ ಇದೇ ಕತೆ. ಒಬ್ಬನ ಖರ್ಚಿನಲ್ಲಿ ನೋಡಬೇಕಾದ ಊರು ಮೂವರ ಖರ್ಚಿಗೆ ಬಂದು ನಿಂತಿತ್ತು, ಅದರಲ್ಲೂ ಒಬ್ಬಳಿಗೆ ದೇಹವೇ ಇಲ್ಲ.

ದಾರಿ ತೋರಿಸುವವರಾದರೂ ಸರಿ ಇದ್ದಾರೆಯೇ ಎಂದರೆ ಅದೂ ಇಲ್ಲ. “ಆ ದೊಡ್ಡ ಗೋಪುರ ಎಂತದು ಮಾವ?” ಎಂದರೆ, “ನಾನೂ ಅದನ್ನೇ ನೋಡ್ತಾ ಇದ್ದೇನೆ,” ಎನ್ನುವರು. ನಲವತ್ತು ವರ್ಷ ಈ ಊರಿನಲ್ಲಿ ಅವರು ಕಂಡದ್ದು ರುಬ್ಬುವ ಕಲ್ಲು ಮತ್ತು ಚಾಳಿನ ಮೆಟ್ಟಿಲು ಮಾತ್ರ. ಸಮುದ್ರ ಕಂಡಾಗ ಆ ಮನುಷ್ಯ ಮಕ್ಕಳ ಹಾಗೆ ಚಪ್ಪಾಳೆ ಹೊಡೆದರು. ಧರ್ಮಪಾಲನಿಗೂ ಒಂದು ಗಳಿಗೆ ಎಲ್ಲ ಮರೆತು ಹೋಯಿತು. ಎಷ್ಟು ವರ್ಷದ ಆಸೆ! ಗೇಟ್‌ವೇ, ಪಾರಿವಾಳ, ದೋಣಿ. ಬಂದದ್ದು ಸಾರ್ಥಕ ಎಂದುಕೊಂಡ.

ಅಲ್ಲಿ ಕ್ಯಾಮರಾ ನೇತುಹಾಕಿಕೊಂಡ ಫೋಟೋದವನೊಬ್ಬ ಗಂಟು ಬಿದ್ದ. ಚೌಕಾಸಿ ಮಾಡಿ ಒಂದಕ್ಕೆ ಒಪ್ಪಿಸಿ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಂತರು. ಫೋಟೋದವನು ಕಣ್ಣಿಟ್ಟು ನೋಡಿ, ಕೈಸನ್ನೆ ಮಾಡಿ, “ಬಹನ್‌ಜೀ, ನಗಬೇಕು ಸ್ವಲ್ಪ,” ಎಂದು ಹಿಂದಿಯಲ್ಲಿ ಹೇಳಿದ.

ಮುದುಕ ಅವನಿಗೆ ಮೊದಲೇ ಹೇಳಿಕೊಟ್ಟಿರಬೇಕು ಎಂದುಕೊಂಡು ಧರ್ಮಪಾಲ ಶ್ರೀಕೃಷ್ಣ ಗೌಡರ ಮುಖ ನೋಡಿದ. ಆ ಮುಖ ಅವರ ಮನೆಯ ಫ್ರೇಮಿನೊಳಗಿನ ಕಾಗದಕ್ಕಿಂತ ಬಿಳಿಯಾಗಿತ್ತು. ಚಿತ್ರ ಕೈಗೆ ಬಂತು. ಆ ಕಡೆ ಶ್ರೀಕೃಷ್ಣ ಗೌಡರು, ಈ ಕಡೆ ಧರ್ಮಪಾಲ, ನಡುವೆ ಒಬ್ಬರು ಆರಾಮವಾಗಿ ನಿಲ್ಲುವಷ್ಟು ಜಾಗ. ತಾಗಿಕೊಂಡೇ ನಿಂತಿದ್ದೆವಲ್ಲ ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಚೌಪಾಟಿಯಲ್ಲಿ ಭೇಲ್‌ಪುರಿಯವನು ಕೇಳದೆಯೇ ಮೂರು ಪೊಟ್ಟಣ ಕಟ್ಟಿಕೊಟ್ಟ. ಮೂರನೆಯದನ್ನು ಮರಳಲ್ಲಿಟ್ಟು ಇಬ್ಬರೂ ಕಡಲು ನೋಡಿದರು. ತಿರುಗುವಾಗ ಪೊಟ್ಟಣ ಖಾಲಿ.

“ನಿಮ್ಮ ಹೊಟ್ಟೆಯೋ ಕಣಜವೋ ಮಾವ?”

“ನಾನು ತಿನ್ಲಿಲ್ಲ ಮಾರಾಯ್ರೆ. ನೀವಲ್ವಾ?”

“ನಾನಲ್ಲ.”

“ಕಾಗೆ ಆಗಿರ್ಬೇಕು,” ಎಂದರು ಶ್ರೀಕೃಷ್ಣ ಗೌಡರು. ಸುತ್ತಲೂ ಒಂದು ಕಾಗೆಯೂ ಇರಲಿಲ್ಲ. “ಹೋಗುವ. ಬೇಗ ಮನೆಗೆ ಹೋಗುವ.” ದಾರಿಯುದ್ದ ಅವರು ಧರ್ಮಪಾಲನ ತೋಳು ಹಿಡಿದುಕೊಂಡೇ ನಡೆದರು.

ಮನೆ ಮುಟ್ಟುವಾಗ ಆರಕ್ಕೆ ಐದು ನಿಮಿಷ. ದೀಪ ಹಚ್ಚಿ ಆಗಿತ್ತು. ಹರಿವಾಣದಲ್ಲಿ ಎಲೆ, ಅಡಿಕೆ. ದುಗ್ಗಮ್ಮ ಫ್ರೇಮಿನ ಕೆಳಗೇ ಕೂತಿದ್ದಳು. ಜಾತಕ ಎಗರಿಸುವ ದಾರಿಯೇ ಇಲ್ಲ. “ಬನ್ನಿ, ಕೈ ಒಡ್ಡಿ,” ಎಂದಳು. ಧರ್ಮಪಾಲನ ಕೈ ತಾನಾಗಿ ಮುಂದೆ ಹೋಯಿತು. ಎಲೆಯ ತಂಪು ಬೆರಳಿಗೆ ತಾಗಿದ್ದೇ ಅವನ ಧೈರ್ಯದ ಕಟ್ಟೆ ಒಡೆಯಿತು.

“ನನಗೆ ಅಣ್ಣನೇ ಇಲ್ಲ ಅತ್ತೆ!” ಎಂದು ಅತ್ತೇಬಿಟ್ಟ. “ಪದ್ಮಯ್ಯ ಸುಳ್ಳು, ಹೊಳೆ ಸುಳ್ಳು. ಜಾತಕ ನನ್ನದು. ಮುಂಬಯಿ ನೋಡುವ ಆಸೆ ಇತ್ತು, ಲಾಡ್ಜಿಗೆ ಕೊಡುವ ಮನಸ್ಸಿರ್ಲಿಲ್ಲ. ನಿಮ್ಮ ಮಗಳ ಹತ್ರ ಹೇಳಿ, ತಪ್ಪಾಯ್ತು ಅಂತ. ನನ್ನನ್ನು ಬಿಡ್ಲಿಕ್ಕೆ ಹೇಳಿ!”

ದುಗ್ಗಮ್ಮ ಗಂಡನ ಮುಖ ನೋಡಿದಳು, ಗಂಡ ಹೆಂಡತಿಯ ಮುಖ ನೋಡಿದರು. ದುಗ್ಗಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಳು ಎಂದುಕೊಂಡರೆ ಅದು ನಗು.

“ಎಂತ ಮಗಳು ಮಾರಾಯ? ನಮಗೆ ಮಕ್ಕಳೇ ಇಲ್ಲ!” ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. “ಸಾಯುವ ಮೊದಲು ಒಮ್ಮೆ ಕುಕ್ಕೆ, ಧರ್ಮಸ್ಥಳ ನೋಡ್ಬೇಕು ಅಂತ ನಮ್ಮ ಆಸೆ. ಊರಲ್ಲಿ ನಮಗೆ ಒಂದು ಜಗಲಿಯೂ ಉಳ್ದಿಲ್ಲ. ಲಾಡ್ಜಿನವರು ಕೇಳುದು ಕಂಡ್ರೆ ಎದೆ ಒಡೀತದೆ. ಬೀಗರ ಮನೆ ಅಂತ ಒಂದು ಆದ್ರೆ ಎಂಟು ದಿನ ಕೂತ್ರೂ ಯಾರೂ ಕೇಳುದಿಲ್ಲ ಅಲ್ವಾ? ಅದಕ್ಕೇ ಒಂದು ಹುಡುಗಿಯನ್ನು ಮಾಡಿದ್ದು.”

ಧರ್ಮಪಾಲನಿಗೆ ಹೋದ ಜೀವ ಬಂದಂತಾಯಿತು. ಮೂವರೂ ಬಿದ್ದು ಬಿದ್ದು ನಕ್ಕರು. ಕಳ್ಳರಿಗೆ ಕಳ್ಳರು ಸಿಕ್ಕಿದರೆ ಆಗುವ ಸಂತೋಷವೇ ಬೇರೆ. “ಸುಳ್ಳಾದ್ರೂ ನೀವು ನಮ್ಮವ್ರೇ. ಕುಕ್ಕೆಗೆ ಬಂದ್ರೆ ನಮ್ಮಲ್ಲೇ ಉಳೀಬೇಕು,” ಎಂದು ಧರ್ಮಪಾಲ ಜೀವಮಾನದಲ್ಲಿ ಮೊದಲ ಸಲ ಯಾರನ್ನೋ ಮನೆಗೆ ಕರೆದ. ದುಗ್ಗಮ್ಮ ಚಹಾ ಇಟ್ಟಳು. ಶ್ರೀಕೃಷ್ಣ ಗೌಡರು ಮಾತ್ರ ನಡುವಲ್ಲೇ ನಗು ನಿಲ್ಲಿಸಿದರು.

“ದುಗ್ಗೀ,” ಎಂದರು ಮೆಲ್ಲನೆ. “ಹಾಗಾದ್ರೆ ಭೇಲ್ ತಿಂದದ್ದು ಯಾರು?”

ಯಾರೂ ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ಕದೀಜಮ್ಮನ ತಲೆ ಕಂಡಿತು. “ಎಂತ ದುಗ್ಗಮ್ಮಕ್ಕ, ಒಳಗೆ ನೀವು ನಗುದೇ ನಗುದು. ಆ ಹುಡುಗಿಯನ್ನು ಹೊರಗೆ ಎಂತಕ್ಕೆ ಕೂರ್ಸಿದ್ದು?”

“ಯಾವ ಹುಡುಗಿ?”

“ಬೆಳಿಗ್ಗೆ ಇವರ ಹಿಂದಿಂದ ಬಂದದ್ದು. ಮೆಟ್ಟಿಲಲ್ಲಿ ಕೂತು ಕಾಲು ಒತ್ತಿಕೊಳ್ತಾ ಉಂಟು. ನೀನು ಯಾರ ಪೈಕಿ ಅಂತ ಕೇಳಿದೆ. ಕಡಬದಂತೆ, ಇವರ ಮನೆ ಆಚೆಯ ಹೊಳೆ ಬದಿಯಂತೆ. ಅದಕ್ಕೆ ಪಾಪ, ಊರು ನೋಡುವ ಆಸೆಯಂತೆ, ಕರ್ಕೊಂಡು ಹೋಗುವವ್ರು ಯಾರೂ ಇಲ್ಲಂತೆ. ಇವ್ರು ಚೀಲ ಎತ್ತಿದ ಕೂಡ್ಲೇ ಹಿಂದಿಂದ ಹೊರಡುದಂತೆ. ಮೈಸೂರು, ಹುಬ್ಬಳ್ಳಿ, ಬೆಂಗಳೂರು ಎಲ್ಲ ನೋಡಿ ಆಯ್ತಂತೆ.” ಕದೀಜಮ್ಮ ಬಾಗಿಲಿಗೆ ಒರಗಿದಳು. “‘ಇವರೊಟ್ಟಿಗೆ ಆದ್ರೆ ಖರ್ಚೇ ಇಲ್ಲ’ ಅಂತ ನಗ್ತದೆ. ಒಂದೇ ಬೇಜಾರಂತೆ ಅದಕ್ಕೆ. ಇಷ್ಟು ವರ್ಷವೂ ದಾರಿಯುದ್ದ ನಿಂತ್ಕೊಂಡೇ ಬರುದಂತೆ. ಕಾಲು ಬಿದ್ದು ಹೋಗ್ತದೆ ಅಂತ ಹೇಳಿತು.”

ಒಲೆಯ ಮೇಲೆ ಚಹಾ ಉಕ್ಕಿ ಸುರಿಯಿತು. ಯಾರೂ ಏಳಲಿಲ್ಲ.

ಕೊನೆಗೆ ದುಗ್ಗಮ್ಮ ಎದ್ದು, ಫ್ರೇಮಿನ ಹಿಂದಿನ ಜಾತಕ ತೆಗೆದು, ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು. “ರಾತ್ರಿ ಗಾಡಿ ಉಂಟು. ಈಗ ಹೊರಟ್ರೆ ಸಿಕ್ತದೆ,” ಎಂದಳು. “ಮತ್ತೆ, ಕುಕ್ಕೆಗೆ ಬಂದ್ರೆ ನಾವು ಲಾಡ್ಜಲ್ಲೇ ಉಳ್ಕೊಳ್ತೇವೆ ಆಯ್ತಾ? ನಿಮಗೆ ತೊಂದರೆ ಬೇಡ.”

ಧರ್ಮಪಾಲ ಚೀಲ ಹಿಡಿದು ಹೊರಬಂದ. ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಆದರೂ ಗೋಡೆಗೆ ಒತ್ತಿಕೊಂಡು, ಒಬ್ಬರಿಗೆ ಜಾಗ ಬಿಟ್ಟು ಇಳಿದ. ಸ್ಟೇಷನ್ನಿನವರೆಗೂ ಓಡಿದ. ಟಿಕೆಟ್ ಕಿಟಕಿಯ ಮುಂದೆ ಅವನೊಬ್ಬನೇ. ಹಿಂದೆ ನೋಡಿದ, ಸಾಲು ಖಾಲಿ. ಹೆದರಿಕೆಯಲ್ಲೂ ಅವನ ಜುಗ್ಗ ಬುದ್ಧಿ ಕೆಲಸ ಬಿಡಲಿಲ್ಲ. ಇಷ್ಟು ವರ್ಷ ಟಿಕೆಟಿಲ್ಲದೆ ಬಂದವಳು ಇನ್ನೊಂದು ಸಲ ಬರಲಾರಳೇ? ಕಿಟಕಿಯೊಳಗೆ ತಲೆ ಹಾಕಿ ಹೇಳಿದ.

“ಮಂಗಳೂರು ಒಂದು. ಜನರಲ್.”

ಹಿಂದಿನಿಂದ ಯಾರೋ ಅವನ ಹೆಗಲಿಗೆ ಮೆಲ್ಲಗೆ ಎರಡು ಸಲ ತಟ್ಟಿದರು.

ಧರ್ಮಪಾಲ ತಿರುಗಲಿಲ್ಲ. ಒಳಜೇಬಿಗೆ ಕೈ ಹಾಕಿ ಇದ್ದ ನೋಟನ್ನೆಲ್ಲ ಹೊರಗೆ ತೆಗೆದ.

“ಎರಡು ಕೊಡಿ,” ಎಂದ. “ಕೂತುಕೊಂಡು ಹೋಗುವಂಥದ್ದು.”