ಹೊಂಗೆ ಎಣ್ಣೆ ಕುಡಿದ ಎಂಜಿನ್

ಹೆಂಡತಿಯನ್ನು ಕೇಳದೆ ಅಟ್ಟದ ಡಬ್ಬ ಮುಟ್ಟಬಾರದೆಂದು ನನಗೆ ಯಾರಾದರೂ ಮೊದಲೇ ಹೇಳಿದ್ದರೆ, ಈ ಮುಖ ಇಷ್ಟು ಕಪ್ಪಾಗುತ್ತಿರಲಿಲ್ಲ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಸೋಮವಾರಪೇಟೆ ಬಳಿ ನನ್ನದೊಂದು ಅಕ್ಕಿ ಗಿರಣಿ. ಗಿರಣಿ ಎಂದರೆ ತಗಡಿನ ಮಾಡು, ಡೀಸೆಲ್ ಎಂಜಿನ್ ಮತ್ತು ಕರಿಬಸಪ್ಪನೆಂಬ ನಾನು. (ಮೂರರಲ್ಲಿ ವೃಥಾ ಸದ್ದು ಮಾಡುವುದು ನಾನೇ ಎಂದು ನನ್ನ ಹೆಂಡತಿ ಚನ್ನಬಸಮ್ಮನ ಅಭಿಪ್ರಾಯ.) ಆ ವಾರ ಮೈಸೂರಿನಿಂದ ಡೀಸೆಲ್ ಬರಲೇ ಇಲ್ಲ. ನನ್ನಲ್ಲಿದ್ದದ್ದು ಅರ್ಧ ಡಬ್ಬ. ಅಂಗಳದಲ್ಲಿ ಸುಬೇದಾರ್ ಉತ್ತಯ್ಯನವರ ಮಗಳ ಮದುವೆಗೆಂದು ಬಂದ ಮೂವತ್ತು ಮೂಟೆ ಭತ್ತ. ಮದುವೆ ಭಾನುವಾರ.

ಆಗ ನನಗೆ ಜ್ಞಾನೋದಯವಾಯಿತು. ಅಟ್ಟದಲ್ಲಿ ಹೊಂಗೆ ಎಣ್ಣೆ ಇತ್ತಲ್ಲ! ದೀಪದಲ್ಲಿ ಉರಿಯುವ ಎಣ್ಣೆ ಎಂಜಿನ್ನಿನಲ್ಲೇಕೆ ಉರಿಯಬಾರದು?

“ಏನ್ರೀ, ಆ ಎಣ್ಣೆ ಇನ್ನೂ ಸೋಸಿಲ್ಲ,” ಎಂದಳು ಚನ್ನಬಸಮ್ಮ.

“ಇದು ಅಡುಗೆಮನೆ ವಿಷಯ ಅಲ್ಲ ಕಣೆ. ವಿಜ್ಞಾನ.”

“ಸರಿ. ವಿಜ್ಞಾನಾನೇ ಸೋಸ್ಕೊಳ್ಳಿ.”

ಪ್ರಯೋಗಕ್ಕೆ ಸಾಕ್ಷಿಯಿರಲಿ ಎಂದು ಉತ್ತಯ್ಯನವರನ್ನೇ ಕರೆದೆ. ಮದುವೆ ಕರೆಯಲು ಹೊರಟಿದ್ದ ಅವರು ಇಸ್ತ್ರಿ ಮಾಡಿದ ಬಿಳಿ ಉಡುಪಿನಲ್ಲೇ ಬಂದು ಹೊಗೆಕೊಳವೆಯ ಪಕ್ಕ ನಿಂತರು. ನಾನು ಗಂಟಲು ಸರಿಮಾಡಿಕೊಂಡು, “ಇದು ಧೂಮರಹಿತ ಸಸ್ಯಜನ್ಯ ಇಂಧನ,” ಎಂದು ಘೋಷಿಸಿ, ಡಬ್ಬದ ತಳದ ಗಸಿಯ ಸಮೇತ ಎಣ್ಣೆಯನ್ನು ಟ್ಯಾಂಕಿಗೆ ಸುರಿದೆ.

ಇಪ್ಪತ್ತು ಸಲ ಹ್ಯಾಂಡಲ್ ತಿರುಗಿಸಿದ ಮೇಲೆ ಎಂಜಿನ್ ಕೆಮ್ಮಿತು. ಮೊದಲು ಕಣ್ಣುರಿಸುವ ಬಿಳಿ ಹೊಗೆ. ಆಮೇಲೆ ಕಪ್ಪು ಹೊಗೆ. ಆಮೇಲೆ ಹೊಗೆಯೋ ಮೋಡವೋ ತಿಳಿಯದ ಇನ್ನೊಂದು. ಕೊನೆಗೆ ಗೊಟಕ್ ಎಂದು ನಿಂತೇ ಹೋಯಿತು. ಹೊಗೆ ಸರಿದಾಗ ಸುಬೇದಾರರಲ್ಲಿ ಬೆಳ್ಳಗೆ ಉಳಿದಿದ್ದು ಹಲ್ಲು ಮಾತ್ರ, ಅದೂ ನಗುತ್ತಿರಲಿಲ್ಲ.

“ಕರಿಬಸಪ್ಪ, ಶನಿವಾರದೊಳಗೆ ಅಕ್ಕಿ ಬರ್ಲಿಲ್ಲ ಅಂದ್ರೆ ಕುಟ್ಟಿಸ್ತೀನಿ.”

“ಭತ್ತಾನಾ ಸುಬೇದಾರ್ರೇ?”

“ಮೊದ್ಲು ನಿನ್ನ.”

ಅವರು ಹೋದ ಮೇಲೆ ಸ್ಪ್ಯಾನರ್ ಹಿಡಿದೆ. ಮದುವೆ ಮನೆಯಲ್ಲಿ ಅನ್ನವಿಲ್ಲದಂತೆ ಮಾಡಿದವನೆಂಬ ಹೆಸರು ಹೊತ್ತು ಈ ಸೀಮೆಯಲ್ಲಿ ಬಾಳುವುದು ಹೇಗೆ? ಎಣ್ಣೆ ಸಿಂಪಡಿಸುವ ನಾಜಲ್ ಬಿಚ್ಚಿದರೆ ಒಳಗೆಲ್ಲ ಡಾಂಬರಿನಂಥ ಅಂಟು. ತಲೆಯ ಮೇಲೆ ಕೈಹೊತ್ತು ಕೂತೆ.

ಚನ್ನಬಸಮ್ಮ ಬಂದು ನಾಜಲ್ ಎತ್ತಿ ಮೂಸಿದಳು. “ಮಂದ ಎಣ್ಣೆ. ತಣ್ಣಗೆ ಹಾಕಿದ್ರೆ ಹೊಗೆ ಬರ್ದೆ ಇನ್ನೇನು ಬರುತ್ತೆ? ಬಾಣಲೆ ಕಾಯದೆ ಬೋಂಡ ಬಿಟ್ಟವರು ಯಾರಾದ್ರೂ ಇದ್ದಾರಾ?”

“ಎಂಜಿನ್ ಬಾಣಲೆ ಅಲ್ಲ ಕಣೆ.”

“ಹೌದು. ಬಾಣಲೆ ಆಗಿದ್ರೆ ನಿಮ್ಮ ಕೈಗೆ ಕೊಡ್ತಿರ್ಲಿಲ್ಲ.”

ನಾಜಲನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ತೊಳೆದಳು. ಟ್ಯಾಂಕಿನಿಂದ ಇಳಿಸಿದ ಹೊಂಗೆ ಎಣ್ಣೆಯನ್ನು ಹಳೆ ಪಂಚೆಯಲ್ಲಿ (ನನ್ನದೇ, ಮತ್ತು ನನ್ನ ಪ್ರಕಾರ ಹೊಸದು) ಎರಡು ಸಲ ಸೋಸಿದಳು. ಬಿಸಿನೀರಿನ ಹಂಡೆಯಲ್ಲಿ ಡಬ್ಬ ಇಟ್ಟು ಕಾಯಿಸಿದಳು. ಇದ್ದ ಡೀಸೆಲ್‌ನಿಂದ ಎಂಜಿನ್ ಶುರುಮಾಡಿಸಿ, ಅದು ಕಾದ ಮೇಲೆ ಬಿಸಿ ಎಣ್ಣೆ ಬಿಡಿಸಿದಳು. ನಿಲ್ಲಿಸುವ ಮುಂಚೆ ಮತ್ತೆ ಸ್ವಲ್ಪ ಡೀಸೆಲ್. ಕಪ್ಪು ಹೊಗೆ ತೆಳುವಾಯಿತು, ಆಮೇಲೆ ಕಂಡೂ ಕಾಣದಂತಾಯಿತು. ನಾನು? ಸೌದೆ ಒಡೆದೆ.

ಶನಿವಾರ ಮಧ್ಯಾಹ್ನಕ್ಕೆ ಮೂವತ್ತು ಮೂಟೆಯೂ ಅಕ್ಕಿಯಾಯಿತು. ಮದುವೆಯಲ್ಲಿ ಉತ್ತಯ್ಯನವರು ಚನ್ನಬಸಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನನಗೆ ಕಂಬದ ಹಿಂದೆ ಜಾಗ ಸಿಕ್ಕಿತು.

ಸುದ್ದಿ ಪಾಲಿಬೆಟ್ಟದವರೆಗೂ ಹೋಯಿತು. ಅಲ್ಲಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಕುಶಾಲಪ್ಪ ಬಸ್ಸು ಹಿಡಿದು ಬಂದ. ಹೆಂಡತಿ ಒಳಗಿದ್ದಳು. ಇಂಥ ಅವಕಾಶ ಬಿಡುವುದುಂಟೇ? ಸ್ನಿಗ್ಧತೆ, ಉಷ್ಣತೆ, ದಹನ ಎಂದು ಅರ್ಧ ಗಂಟೆ ಉಪನ್ಯಾಸ ಬಿಗಿದೆ. ಅವನು ಕೈಮುಗಿದು ಕೇಳಿದ, “ಇಷ್ಟೆಲ್ಲ ಕಂಡುಹಿಡಿದದ್ದು ತಾವೇನಾ?”

ನಾನು ವಿನಯದಿಂದ ತಲೆ ತಗ್ಗಿಸುವಷ್ಟರಲ್ಲಿ ಅಡುಗೆಮನೆಯಿಂದ ಉತ್ತರ ಬಂತು.

“ಹೂಂ ಕಣ್ರೀ, ಹೊಗೆಯೆಲ್ಲ ಅವರದ್ದೇ. ಎಂಜಿನ್ ವಿಷಯ ಬೇಕಾದ್ರೆ ಒಳಗೆ ಬನ್ನಿ.”